ಇದು ಯಾವ ಎರಡು ಸಾವಿರ?

ಸರ್ಕಾರದಿಂದ ರೈತರಿಗೆ ಬರುವ ದುಡ್ಡಿನ ಬಗ್ಗೆ ಊರಲ್ಲಿ ಇರೋದು ಒಂದೇ ಪ್ರಶ್ನೆ: ಬಂತಾ, ಬರಲಿಲ್ವಾ? ಬಂದವರು ಯಾಕೆ ಬಂತು ಅಂತ ಕೇಳೋದಿಲ್ಲ. ಬರದವರು ಯಾರನ್ನು ಕೇಳಬೇಕು ಅಂತ ಗೊತ್ತಾಗದೆ ಸುಮ್ಮನಾಗುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನ ಪರವಾಗಿ ಕೇಳಿಕೊಂಡು ಓಡಾಡುವ ಕೆಲಸ ನನ್ನ ಪಾಲಿಗೆ ಬಂತು. ತಮ್ಮ ಬೆಂಗಳೂರಲ್ಲಿ ಗಾಡಿ ಓಡಿಸುತ್ತಾನೆ, ರಜೆ ಸಿಗೋದಿಲ್ಲ. ನಾನು ಮದುವೆಯಾಗಿ ಹೋಗಿರೋದು ದಾವಣಗೆರೆಗೆ. ಬಸ್ಸು ಹತ್ತಿದರೆ ಊರು.

ನಮ್ಮದು ಚಿತ್ರದುರ್ಗ ಜಿಲ್ಲೆಯ ಮಳೆಯಾಶ್ರಿತ ಹೊಲ. ಎರಡು ಸರ್ವೆ ನಂಬರ್ ಸೇರಿ 3 ಎಕರೆ 20 ಗುಂಟೆ. ಬೋರ್ ಕೊರೆಸಿದ್ದೂ ಇಲ್ಲ, ಕೊರೆಸುವ ಧೈರ್ಯವೂ ಇಲ್ಲ. ಮುಂಗಾರಿಗೆ ಶೇಂಗಾ, ನಡುನಡುವೆ ತೊಗರಿ ಅಕ್ಕಡಿ ಸಾಲು. ಬಂದದ್ದು ಚಳ್ಳಕೆರೆ ಮಂಡಿಗೆ ಹೋಗುತ್ತದೆ. ಅಪ್ಪ ಇದ್ದಾಗ ಪಿಎಂ ಕಿಸಾನ್ ದುಡ್ಡು ಬರುತ್ತಿತ್ತು. ಕೇಂದ್ರದ್ದು ವರ್ಷಕ್ಕೆ 6,000, ಎರಡೆರಡು ಸಾವಿರದ ಮೂರು ಕಂತು. ಯಡಿಯೂರಪ್ಪ ಮುಖ್ಯಮಂತ್ರಿ ಆದ ಮೇಲೆ ರಾಜ್ಯದಿಂದ ಇನ್ನೂ 4,000 ಸೇರಿತು. "ಹತ್ತು ಸಾವ್ರ ಬರ್ತಿತ್ತು ನೋಡವ್ವ" ಅಂತ ಅಮ್ಮ ಈಗಲೂ ನೆನೆಸಿಕೊಳ್ಳುತ್ತಾಳೆ. 2023ರಲ್ಲಿ ಸರ್ಕಾರ ಬದಲಾದ ಮೇಲೆ ರಾಜ್ಯದ ಪಾಲು ನಿಂತಿತು.

ಅಪ್ಪ ಹೋದದ್ದು 2021ರ ಕೊನೆಗೆ. 2022ರ ಜನವರಿ 1ಕ್ಕೆ ಹತ್ತನೇ ಕಂತು ಬಿಡುಗಡೆ ಆಯಿತಲ್ಲ, ಅದೂ ಅಪ್ಪನ ಖಾತೆಗೆ ಬಂದು ಬಿತ್ತು. ಸತ್ತವರ ಹೆಸರಿಗೆ ಬಂದ ಕಂತನ್ನು ವಾಪಸ್ ಕಟ್ಟಬೇಕು ಅಂತ ಆಮೇಲೆ ತಿಳಿಯಿತು. ಪಿಎಂ ಕಿಸಾನ್ ಪೋರ್ಟಲ್‌ನಲ್ಲೇ ಅದಕ್ಕೆ ದಾರಿ ಇದೆ, ಕಟ್ಟಿದೆವು. ಊರಲ್ಲಿ ಒಬ್ಬರು "ಯಾರು ಕೇಳ್ತಾರೆ ಬಿಡ್ರಿ" ಅಂದರು. ಮುಂದೆ ಅಮ್ಮನ ಹೆಸರಲ್ಲಿ ಅರ್ಜಿ ಹಾಕುವಾಗ ಅಪ್ಪನ ವಿವರ ಕೇಳಿದರು. ಬಾಕಿ ಏನೂ ಇರಲಿಲ್ಲವಲ್ಲ, ನಿರಾಳವಾಗಿ ಕೊಟ್ಟೆವು.

ಎಲ್ಲಕ್ಕಿಂತ ಮೊದಲು ಆಗಬೇಕಿದ್ದದ್ದು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಆಗೋದು. ಪಹಣಿಯಲ್ಲಿ ಅಪ್ಪನ ಹೆಸರು ಇರುವ ತನಕ ಅಮ್ಮ ಎಷ್ಟೇ ಉತ್ತಿ ಬಿತ್ತಿದರೂ ಸರ್ಕಾರದ ಲೆಕ್ಕದಲ್ಲಿ ರೈತಳಲ್ಲ. ಮರಣ ಪ್ರಮಾಣಪತ್ರ ಸಲೀಸಾಗಿ ಸಿಕ್ಕಿತು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕುವಾಗ ಅಲ್ಲೇ ಕೂತಿದ್ದ ಊರಿನ ಹಿರಿಯರೊಬ್ಬರು, "ಮದುವೆಯಾಗಿ ಹೋದ ಮಗಳನ್ನ ಯಾಕೆ ಸೇರಿಸ್ತೀರಿ, ಸುಮ್ನೆ ತೊಡಕು" ಅಂದರು. ಗ್ರಾಮ ಲೆಕ್ಕಿಗರು ಪೆನ್ನು ಕೆಳಗಿಟ್ಟು, "ಹೆಣ್ಣುಮಕ್ಕಳನ್ನ ಬಿಟ್ಟು ವಂಶವೃಕ್ಷ ಕೊಡೋ ಹಂಗೇ ಇಲ್ಲ ಯಜಮಾನ್ರೇ" ಅಂದುಬಿಟ್ಟರು. ಆ ಮನುಷ್ಯನ ಬಗ್ಗೆ ನನಗೆ ಅವತ್ತೇ ಗೌರವ ಬಂತು. ಖಾತೆ ಅಮ್ಮನ ಹೆಸರಿಗೆ ಆಗಲು ತಕರಾರಿಲ್ಲ ಅಂತ ನಾನೂ ತಮ್ಮನೂ ಬರೆದುಕೊಟ್ಟೆವು. ಆಮೇಲೆ ನೋಟಿಸ್, ಆಕ್ಷೇಪಣೆಗೆ ಕಾಯುವ ಅವಧಿ, ರೆವಿನ್ಯೂ ಇನ್‌ಸ್ಪೆಕ್ಟರ್ ಸಹಿ, ಕೊನೆಗೆ ದಾಖಲೆಯಲ್ಲಿ ಹೆಸರು ಬದಲಾಗುವ ಮ್ಯುಟೇಶನ್. ನಡುವೆ ಒಂದು ಚುನಾವಣೆಯೂ ಬಂದು ಹೋಯಿತು. 2023ರ ಬಿತ್ತನೆ ಹೊತ್ತಿಗೆ ಹೊಸ ಪಹಣಿ ಕೈಗೆ ಬಂತು.

ಆ ಪಹಣಿಯಲ್ಲಿ ಅಮ್ಮನ ಹೆಸರಿನ ಕೊನೆಗೆ 'ಅಕ್ಕ' ಅಂತಿದೆ. ಆಧಾರ್‌ನಲ್ಲಿ ಅದೇ ಹೆಸರಿಗೆ 'ಅಮ್ಮ' ಅಂತಿದೆ. ಪಾಸ್‌ಬುಕ್‌ನಲ್ಲಿ ಆಧಾರ್‌ನ ಹೆಸರಿನ ಮುಂದೆ ಒಂದು ಇನಿಶಿಯಲ್ ಕೂತಿದೆ. ಊರಲ್ಲಿ ಯಾರು ಹೇಗೆ ಕರೆದರೂ ಅಮ್ಮ ಓ ಅನ್ನುತ್ತಾಳೆ. ಕಂಪ್ಯೂಟರ್ ಹಾಗೆ ಓ ಅನ್ನೋದಿಲ್ಲ.

ಆ ವರ್ಷದ ಮಳೆ ಎಲ್ಲರಿಗೂ ನೆನಪಿರಬೇಕು. 2023ರ ಆಗಸ್ಟ್, 1901ರಿಂದ ಇಟ್ಟ ಲೆಕ್ಕದಲ್ಲೇ ದೇಶದ ಅತಿ ಒಣ ಆಗಸ್ಟ್. ನಮ್ಮಲ್ಲಿ ಶೇಂಗಾ ಹೂಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಮೋಡ ಬಿಟ್ಟು ಹೋಯಿತು. ಗಿಡ ಕಿತ್ತರೆ ಬೇರಿಗೆ ಎರಡೋ ಮೂರೋ ಜೊಳ್ಳು ಕಾಯಿ. ಕಿತ್ತು ಒಕ್ಕುವ ಕೂಲಿಗೂ ಗಿಟ್ಟೋದಿಲ್ಲ ಅಂತ ಒಂದು ಹೊಲಕ್ಕೆ ಕುರಿ ಬಿಟ್ಟೆವು. ಸೆಪ್ಟೆಂಬರ್ 13ಕ್ಕೆ ಸರ್ಕಾರ 195 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಆಮೇಲೆ ಪಟ್ಟಿ ಬೆಳೆದು 236ರಲ್ಲಿ 223 ತಾಲೂಕು ಆಯಿತು. ನಮ್ಮದೂ ಅದರಲ್ಲಿತ್ತು.

ಬರ ಪರಿಹಾರ ಅಂತ ಊರಲ್ಲಿ ಕರೆಯೋದು ಕಾಗದದ ಮೇಲೆ ಇನ್‌ಪುಟ್ ಸಬ್ಸಿಡಿ. ಬೀಜ, ಗೊಬ್ಬರಕ್ಕೆ ಹಾಕಿದ ದುಡ್ಡಿನಲ್ಲಿ ಒಂದಿಷ್ಟು ವಾಪಸ್ ಕೊಡುವ ಲೆಕ್ಕ. ಬೆಳೆ ಶೇಕಡಾ 33ಕ್ಕಿಂತ ಕಡಿಮೆ ಹಾಳಾಗಿದ್ದರೆ ಇಲ್ಲ. ಆ ವರ್ಷ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ತೋಟದಂಥ ಬಹುವಾರ್ಷಿಕ ಬೆಳೆಗೆ 22,500 ಇತ್ತು. ಅದೂ ಎರಡು ಹೆಕ್ಟೇರ್ ತನಕ ಮಾತ್ರ. ನಮ್ಮ ಹೊಲಕ್ಕೆ ಸುಮಾರು 12,000 ಆಗುತ್ತಿತ್ತು. ನಷ್ಟದ ಮುಂದೆ ಅದು ಏನೂ ಅಲ್ಲ. ಆದರೆ ಮುಂದಿನ ಬಿತ್ತನೆಗೆ ಬೀಜದ ಶೇಂಗಾ ಕೊಳ್ಳುವಾಗ ಸಾಲ ಅಷ್ಟು ಕಡಿಮೆ ಆಗುತ್ತದೆ ಅಲ್ವಾ?

ಪಿಎಂ ಕಿಸಾನ್‌ಗೆ ಹೊಲದಲ್ಲಿ ಏನಿದೆ ಅನ್ನೋದು ಬೇಕಿಲ್ಲ, ಹೊಲ ಯಾರದ್ದು ಅನ್ನೋದು ಬೇಕು. ಬರ ಪರಿಹಾರಕ್ಕೆ ಎರಡೂ ಬೇಕು. ಹೊಲದಲ್ಲಿ ಏನಿತ್ತು ಅಂತ ಹೇಳೋದು ಬೆಳೆ ಸಮೀಕ್ಷೆ. ರೈತರು ತಾವೇ ಆ್ಯಪ್‌ನಲ್ಲಿ ಮಾಡಬಹುದು. ನಮ್ಮೂರಲ್ಲಿ ಹೆಚ್ಚಿನವರು ಮಾಡಿಲ್ಲ. ಖಾಸಗಿ ನಿವಾಸಿ ಅಂತ ನೇಮಿಸಿರುವ ಹುಡುಗರು ಮೊಬೈಲ್ ಹಿಡಿದು ಬಂದು ಮಾಡಿಕೊಂಡು ಹೋಗುತ್ತಾರೆ. ನಿಂತ ಜಾಗ ಆ ಸರ್ವೆ ನಂಬರಿನ ಗಡಿಯೊಳಗೇ ಇದೆಯಾ ಅಂತ ಆ್ಯಪ್ ನೋಡುತ್ತದೆ, ಆಮೇಲೆ ಬೆಳೆ ಯಾವುದು ಅಂತ ಒತ್ತಿ ಫೋಟೊ ತೆಗೆಯಬೇಕು. ಬಿಸಿಲಲ್ಲಿ ಬದು ಹಾರಿ ಹಾರಿ ಮಾಡುವ ಕೆಲಸ, ಒಂದು ಪ್ಲಾಟಿಗೆ ಅವರಿಗೆ ಸಿಗುವ ದುಡ್ಡೂ ಪುಡಿಗಾಸು.

ಪಂಚಾಯ್ತಿ ಗೋಡೆಗೆ ಅಂಟಿಸಿದ್ದ ಪಟ್ಟಿ ನೋಡಿದಾಗ ನಮ್ಮ ದೊಡ್ಡ ಹೊಲದ ಮುಂದೆ ಶೇಂಗಾ ಅಂತಿತ್ತು. 1 ಎಕರೆ 10 ಗುಂಟೆಯದರ ಮುಂದೆ 'ಬೀಳು' ಅಂತ ಇತ್ತು. ಅದೇ ಕುರಿ ಮೇಯಿಸಿದ ಹೊಲ. ಹುಡುಗ ಬಂದಾಗ ನೆಲ ಬರಿದಾಗಿತ್ತು, ಅವನು ಕಂಡದ್ದನ್ನು ಬರೆದಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಂಡರೆ ಏನು ಬಂತು? ಬೆಳೆ ಪೂರ್ತಿ ಹಾಳಾದವನ ಹೊಲ ಬೀಳು ಅಂತ ದಾಖಲಾಗಿ, ಅರ್ಧ ಹಾಳಾದವನ ಹೊಲ ಬೆಳೆ ಅಂತ ದಾಖಲಾಗುವ ಈ ಲೆಕ್ಕವೇ ಹಾಗೆ. ಬೆಳೆ ದರ್ಶಕ್ ಆ್ಯಪ್‌ನಲ್ಲಿ ನಮ್ಮ ಸರ್ವೆ ನಂಬರ್ ಹಾಕಿದರೆ ಅವನು ತೆಗೆದ ಫೋಟೊನೇ ಕಾಣುತ್ತದೆ. ಅಮ್ಮ ಕನ್ನಡಕ ಹಾಕಿಕೊಂಡು ಆ ಫೋಟೊ ನೋಡಿದಳು. ಬೆರಳಿಂದ ದೊಡ್ಡದು ಮಾಡಿ ತೋರಿಸಿದೆ. "ಏ, ಇಲ್ಲಿ ನೋಡೇ, ತೊಗರಿ ಸಾಲು ನಿಂತೇ ಐತಲ್ಲ" ಅಂದಳು. ನಿಜ. ಕುರಿ ಬಾಯಿ ಹಾಕಿದರೂ ತೊಗರಿ ಮೋಟು ಸಾಲಾಗಿ ನಿಂತಿದ್ದು ಫೋಟೊದ ಎಡಮೂಲೆಯಲ್ಲಿ ಕಾಣುತ್ತಿತ್ತು. ಅಕ್ಕಡಿ ತೊಗರಿ ಇದೆ ಅಂದ ಮೇಲೆ ನಡುವೆ ಏನೋ ಬಿತ್ತಿದ್ದರು ಅಂತಲೇ ಅರ್ಥ. ಆ್ಯಪ್‌ನಲ್ಲೇ ಆಕ್ಷೇಪಣೆ ಹಾಕಿದೆವು. ಕಾಗದದಲ್ಲೂ ಒಂದು ಅರ್ಜಿ ಕೊಟ್ಟು ನಕಲಿಗೆ ಸೀಲು ಹಾಕಿಸಿಕೊಂಡೆವು. ಗ್ರಾಮ ಲೆಕ್ಕಿಗರು ಹೊಲಕ್ಕೆ ಬಂದು ನೋಡಿ, ಅಕ್ಕಪಕ್ಕದವರನ್ನು ಕೇಳಿ, ಸರಿ ಮಾಡಿಸಿದರು. ಪಟ್ಟಿ ಅಂಟಿಸಿದ್ದಾಗಲೇ ನೋಡದೆ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ದುಡ್ಡು ಬರಲಿಲ್ಲ ಅಂತ ಮುಂದಿನ ವರ್ಷ ಹೋಗಿ ಕೇಳಿದವರಿಗೆ ಸಿಕ್ಕ ಉತ್ತರ, "ಸಮೀಕ್ಷೆ ಮುಗಿದಿದೆ".

ನವೆಂಬರ್ ಹೊತ್ತಿಗೆ ಇನ್ನೊಂದು ಗಲಾಟೆ. ಪರಿಹಾರ ಬರಬೇಕಾದರೆ ಫ್ರೂಟ್ಸ್‌ನಲ್ಲಿ ಎಲ್ಲ ಸರ್ವೆ ನಂಬರ್ ಇರಬೇಕು ಅಂತ ಊರೂರಲ್ಲಿ ಸಾರಿದರು. ಫ್ರೂಟ್ಸ್ ಅಂದರೆ ರಾಜ್ಯದ ರೈತರ ನೋಂದಣಿ ತಂತ್ರಾಂಶ. ಅದರಲ್ಲಿ ಸಿಗುವ ಎಫ್‌ಐಡಿ ನಂಬರ್ ಇಲ್ಲದೆ ಈಗ ಸಬ್ಸಿಡಿ ಬೀಜವೂ ಇಲ್ಲ, ಬೆಂಬಲ ಬೆಲೆ ಖರೀದಿಯೂ ಇಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ಜಾತ್ರೆಯಷ್ಟು ಜನ. ಒಂದೇ ಕಂಪ್ಯೂಟರ್. ಹುಡುಗಿಯೊಬ್ಬಳು ಆಧಾರ್, ಪಾಸ್‌ಬುಕ್, ಪಹಣಿ ಇಸಿದುಕೊಂಡು ಟೈಪ್ ಮಾಡುತ್ತಿದ್ದಳು. ಹೆಸರು ತಾಳೆ ಆಗದಿದ್ದರೆ ಪರದೆಯ ಮೇಲೆ ಬಂದುಬಿಡುತ್ತದೆ, ಆಮೇಲೆ ಅಧಿಕಾರಿ ನೋಡಿ ಒಪ್ಪಬೇಕು. ನಮ್ಮ 'ಅಕ್ಕ', 'ಅಮ್ಮ' ಅಲ್ಲಿ ಸಿಕ್ಕಿಬಿತ್ತು. "ಎರಡೂ ಒಬ್ರೇನಾ?" ಅಂದಳು. "ನಾನೇ ಕಣವ್ವ, ಎದುರಿಗೇ ನಿಂತೀನಲ್ಲ" ಅಂದಳು ಅಮ್ಮ. ಎದುರಿಗೆ ನಿಂತರೆ ಸಾಲದು, ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಬೇಕಾಯಿತು. ಮಾಡಿಸಿಕೊಟ್ಟೆವು, ಒಪ್ಪಿಗೆ ಆಯಿತು. ಎರಡೂ ಸರ್ವೆ ನಂಬರ್ ಸೇರಿದ್ದನ್ನು ಅಲ್ಲೇ ಪರದೆಯಲ್ಲಿ ನೋಡಿಕೊಂಡೇ ಹೊರಬಂದೆ. ನಮ್ಮ ಹಿಂದೆ ನಿಂತಿದ್ದವರಿಗೆ ಎಫ್‌ಐಡಿ ಯಾವತ್ತೋ ಆಗಿತ್ತು, ಆದರೆ ನಾಲ್ಕು ತುಂಡು ಹೊಲದಲ್ಲಿ ಒಂದು ಮಾತ್ರ ಸೇರಿತ್ತು. ಇದು ತುಂಬ ಜನರ ಕಥೆ.

ಈಗ ಆ ಎರಡು ಸಾವಿರಗಳ ವಿಷಯ.

ಗೃಹಲಕ್ಷ್ಮಿ ಶುರುವಾಗಿದ್ದು 2023ರ ಆಗಸ್ಟ್ 30ಕ್ಕೆ. ತಿಂಗಳಿಗೆ 2,000. ಅಮ್ಮನಿಗೆ ಮೊದಲ ಕೆಲವು ತಿಂಗಳು ಬರಲೇ ಇಲ್ಲ. ಬ್ಯಾಂಕಿಗೆ ಹೋದರೆ, "ಆಧಾರ್ ಲಿಂಕ್ ಆಗಿದೆಯಲ್ಲಮ್ಮ, ನಮ್ಮ ಕಡೆಯಿಂದ ಏನೂ ತೊಂದರೆ ಇಲ್ಲ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಖಾತೆಗೆ ಆಧಾರ್ ಸೇರಿಸೋದು ಒಂದು, ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆ ಆಧಾರ್ ಮುಂದೆ ಯಾವ ಬ್ಯಾಂಕ್ ಇದೆ ಅನ್ನೋದು ಇನ್ನೊಂದು. ಸರ್ಕಾರದ ದುಡ್ಡು ಆಧಾರ್ ನಂಬರಿಗೆ ಹೊರಡುತ್ತದೆ. ಆ ಪಟ್ಟಿಯಲ್ಲಿ ಯಾವ ಬ್ಯಾಂಕ್ ಇದೆಯೋ ಅಲ್ಲಿಗೇ ಹೋಗಿ ಬೀಳುತ್ತದೆ. ಅರ್ಜಿ ಜೊತೆ ನಾವು ಯಾವ ಪಾಸ್‌ಬುಕ್ ಜೆರಾಕ್ಸ್ ಕೊಟ್ಟೆವು ಅನ್ನೋದಕ್ಕೆ ಅಲ್ಲಿ ಬೆಲೆಯಿಲ್ಲ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ನೋಡಿದರೆ, ಅಮ್ಮನದು ಉದ್ಯೋಗ ಖಾತ್ರಿ ಕೂಲಿಗೆ ಅಂತ ಹಿಂದೆ ಯಾವತ್ತೋ ತೆರೆದ ಬೇರೆ ಬ್ಯಾಂಕಿನ ಖಾತೆ. ವರ್ಷಗಟ್ಟಲೆ ವ್ಯವಹಾರ ಇಲ್ಲದೆ ಅದು ನಿದ್ದೆ ಹೊಡೆಯುತ್ತಿತ್ತು. ಈಗಿನ ಬ್ಯಾಂಕಲ್ಲಿ ಸೀಡಿಂಗ್ ಫಾರಂ ತುಂಬಿ, ಹಳೆ ಬ್ಯಾಂಕಿನಿಂದ ಇಲ್ಲಿಗೆ ಬದಲಾಯಿಸಿ ಅಂತ ಬರೆದು ಕೊಟ್ಟ ಮೇಲೆ ಸರಿ ಹೋಯಿತು. ಗೃಹಲಕ್ಷ್ಮಿಯ ದೆಸೆಯಿಂದ ಇದು ಮೊದಲೇ ಗೊತ್ತಾಗಿದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಬರ ಪರಿಹಾರವೂ ಆ ಹಳೆ ಖಾತೆಯ ದಾರಿ ಹಿಡಿಯುತ್ತಿತ್ತು.

2024ರ ಜನವರಿಯಲ್ಲಿ ಅಮ್ಮನ ಮೊಬೈಲಿಗೆ ಮೆಸೇಜ್ ಬಂತು, 2,000 ಜಮಾ. ಗೃಹಲಕ್ಷ್ಮಿನಾ? ಕೇಂದ್ರದ ದುಡ್ಡು ಬರುವ ಮೊದಲು ರಾಜ್ಯ ಸರ್ಕಾರ ಮೊದಲ ಕಂತಾಗಿ ಗರಿಷ್ಠ 2,000 ಕೊಡುತ್ತೇವೆ ಅಂದಿತ್ತಲ್ಲ, ಅದಾ? ಪಕ್ಕದ ಮನೆಯವರಿಗೆ ಪಿಎಂ ಕಿಸಾನ್‌ದೂ 2,000. ಮೂರು ಯೋಜನೆ, ಮೂರಕ್ಕೂ ಒಂದೇ ಮೊತ್ತ. ಯಾವುದು ಬಂತು, ಯಾವುದು ತಪ್ಪಿತು ಅಂತ ಊರಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಸ್ ಸ್ಟ್ಯಾಂಡ್ ಕಟ್ಟೆ ಮೇಲೆ ಗಂಡಸರು ಹೆಂಡತಿಯ ಗೃಹಲಕ್ಷ್ಮಿಯನ್ನೇ ಬರ ಪರಿಹಾರ ಅಂತ ವಾದ ಮಾಡಿದ್ದೂ ಉಂಟು. ಪಾಸ್‌ಬುಕ್ ಪ್ರಿಂಟ್ ಹಾಕಿಸಿದರೆ ಸಾಲಿನ ಕೊನೆಗೆ ಏನೋ ಸಂಕೇತ ಬರುತ್ತದೆ, ಅದು ಓದುವಂತಿದ್ದರೆ ನಿಮ್ಮ ಪುಣ್ಯ. ಕಂದಾಯ ಇಲಾಖೆಯ ಪರಿಹಾರ ವೆಬ್‌ಸೈಟಿನಲ್ಲಿ ವರ್ಷ, ಹಂಗಾಮು, ವಿಪತ್ತು ಅಂತ ಆರಿಸಿ ಆಧಾರ್, ಎಫ್‌ಐಡಿ ಅಥವಾ ಸರ್ವೆ ನಂಬರ್ ಹಾಕಿದರೆ ಯಾವ ಹೊಲಕ್ಕೆ ಎಷ್ಟು ಅಂತ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಅಮ್ಮನ ಹೆಸರು ಇತ್ತು. ಅದು ಪರಿಹಾರದ 2,000ವೇ. ಆ ವಾರ ನಮ್ಮ ಮನೆ ಜಗುಲಿ ಮೇಲೆ ಸೈಬರ್ ಸೆಂಟರ್ ನಡೆಯಿತು. ಓಣಿಯವರೆಲ್ಲ ಆಧಾರ್ ಕಾರ್ಡ್ ಹಿಡಿದು ಬಂದರು.

ಉಳಿದ ದುಡ್ಡಿಗೆ ಬೇಸಿಗೆ ತನಕ ಕಾಯಬೇಕಾಯಿತು. ರಾಜ್ಯ ಕೇಳಿದ್ದು 18,171 ಕೋಟಿ. ಕೊಡಲಿಲ್ಲ ಅಂತ ಸುಪ್ರೀಂ ಕೋರ್ಟಿಗೂ ಹೋಯಿತು. ಏಪ್ರಿಲ್ ಕೊನೆಗೆ ಕೇಂದ್ರ 3,454 ಕೋಟಿ ಬಿಡುಗಡೆ ಮಾಡಿತು. ಲೋಕಸಭಾ ಚುನಾವಣೆ ನಡೆಯುತ್ತಿದ್ದ ಕಾಲ. ಎರಡೂ ಕಡೆಯವರು ಟಿವಿಯಲ್ಲಿ ಕಿತ್ತಾಡಿದ್ದನ್ನು ಎಲ್ಲರೂ ನೋಡಿದ್ದೀರಿ. ಮೇ ತಿಂಗಳಲ್ಲಿ ಅಮ್ಮನ ಖಾತೆಗೆ, ಮೊದಲು ಕೊಟ್ಟ 2,000 ಕಳೆದು, ಸುಮಾರು 10,000 ಬಂತು. ಎರಡೂ ಸರ್ವೆ ನಂಬರಿಂದು.

ಬಂತು ಅಂದೆ, ಕೈಗೆ ಬರಲಿಲ್ಲ. ಅಮ್ಮ ಅದೇ ಬ್ಯಾಂಕಲ್ಲಿ ಒಡವೆ ಇಟ್ಟು ಬೆಳೆಸಾಲ ತೆಗೆದಿದ್ದಳು. ಬಡ್ಡಿ ಬಾಕಿ ಇತ್ತು. ದುಡ್ಡು ತೆಗೆಯಲು ಹೋದರೆ ಕೌಂಟರಿನಲ್ಲಿ, "ಹೋಲ್ಡ್ ಆಗಿದೆ, ಸಾಲಕ್ಕೆ ಜಮಾ ಮಾಡ್ಕೋತೀವಿ" ಅಂದರು. ಆ ವರ್ಷ ರಾಜ್ಯದ ಎಷ್ಟೋ ಕಡೆ ಇದೇ ಆಗಿತ್ತು. ಪರಿಹಾರದ ಹಣವನ್ನು ಸಾಲಕ್ಕೆ ಹಿಡಿಯಬಾರದು ಅಂತ ಸರ್ಕಾರ ಬ್ಯಾಂಕುಗಳಿಗೆ ಹೇಳಿತ್ತು, ಪೇಪರ್‌ನಲ್ಲೂ ಬಂದಿತ್ತು. ಆ ಪೇಪರ್ ತುಂಡು, ಪರಿಹಾರ ವೆಬ್‌ಸೈಟಿನ ಪ್ರಿಂಟು, ಒಂದು ಅರ್ಜಿ ಇಟ್ಟುಕೊಂಡು ಮ್ಯಾನೇಜರ್ ಹತ್ತಿರ ಹೋದೆವು. ಹಿಂದಿ ಮಾತಾಡುವ ಹುಡುಗ, ಹೊಸದಾಗಿ ಬಂದವನು. ಅರ್ಜಿ ಕನ್ನಡದಲ್ಲಿತ್ತು. ಪಕ್ಕದ ಗುಮಾಸ್ತರು ಓದಿ ಹೇಳಿದರು. ಅವನು ಯಾರಿಗೋ ಫೋನ್ ಮಾಡಿದ. ಅಮ್ಮ ಅಷ್ಟು ಹೊತ್ತೂ ಕೂರದೆ ಮೇಜಿನ ಮುಂದೆ ನಿಂತೇ ಇದ್ದಳು. ಸಂಜೆ ಹೊತ್ತಿಗೆ ಹೋಲ್ಡ್ ತೆಗೆದರು. ಬಾಯಿಮಾತಲ್ಲಿ ಕೇಳಿ ಬಂದವರಿಗೆ ಸಿಗಲಿಲ್ಲ, ಅರ್ಜಿ ಬರೆದುಕೊಟ್ಟವರಿಗೆ ಸಿಕ್ಕಿತು. ಅರ್ಜಿ ಬರೆಯಲು ಬಾರದವರ ಗತಿ ಏನು ಅಂತ ನನಗೆ ಇವತ್ತಿಗೂ ಸಿಟ್ಟಿದೆ.

ಪಿಎಂ ಕಿಸಾನ್ ಮಾತ್ರ ಇನ್ನೂ ಆಗಿರಲಿಲ್ಲ. ಅದಕ್ಕೆ 2019ರ ಫೆಬ್ರವರಿ 1 ಅನ್ನೋ ಗೆರೆ ಇದೆ. ಆ ದಿನಕ್ಕೆ ಜಮೀನು ಯಾರ ಹೆಸರಲ್ಲಿತ್ತೋ ಅವರಿಗೆ ಮಾತ್ರ. ಆಮೇಲೆ ಕೊಂಡವರಿಗೆ ಇಲ್ಲ. ಆದರೆ ಮಾಲೀಕರು ತೀರಿಕೊಂಡು ವಾರಸುದಾರರಿಗೆ ಬಂದಿದ್ದರೆ ಉಂಟು. ಅರ್ಜಿಯಲ್ಲಿ ಜಮೀನು ಹೇಗೆ ಬಂತು ಅಂತ ಒಂದು ಕಡೆ ಆರಿಸಬೇಕು. ಮೊದಲ ಸಲ ಸೆಂಟರ್‌ನ ಹುಡುಗ ಅದನ್ನು ಸರಿಯಾಗಿ ಒತ್ತದೆ ಅರ್ಜಿ ತಿರಸ್ಕಾರ ಆಯಿತು. ಎರಡನೇ ಸಲ ನಾನು ಪಕ್ಕದಲ್ಲೇ ಕೂತು, ಮ್ಯುಟೇಶನ್ ಪ್ರತಿ, ಮರಣ ಪ್ರಮಾಣಪತ್ರ ಎಲ್ಲ ಹಾಕಿಸಿದೆ.

ಆಮೇಲೆ ಇ-ಕೆವೈಸಿ, ಅಂದರೆ ಆಧಾರ್‌ನಲ್ಲಿರುವವರು ಇವರೇ ಅಂತ ಖಚಿತ ಮಾಡೋದು. ಬೆರಳಿಡುವ ಮೆಷಿನ್ ಅಮ್ಮನ ಬೆರಳನ್ನು ಒಪ್ಪಲೇ ಇಲ್ಲ. ಶೇಂಗಾ ಸುಲಿದು, ಹುಣಸೆಹಣ್ಣು ಬಡಿದು, ಪಾತ್ರೆಗೆ ಬೂದಿ ತಿಕ್ಕಿ ಆ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಒಂದೊಂದಾಗಿ ಹತ್ತೂ ಬೆರಳು ಇಟ್ಟಳು. ತೊಳೆದು ಒರೆಸಿ ಇಟ್ಟಳು. ಕೊಬ್ಬರಿ ಎಣ್ಣೆ ಸವರಿ ಇಟ್ಟಳು. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಅಪ್ಪನದು, ಆ ಸಿಮ್ ಅಷ್ಟೊತ್ತಿಗೆ ಬಂದ್ ಆಗಿತ್ತು, ಹಾಗಾಗಿ ಓಟಿಪಿಯೂ ಇಲ್ಲ. ಕೊನೆಗೆ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿ ಮಾಡುವ ದಾರಿ ಇದೆ ಅಂತ ಗೊತ್ತಾಯಿತು. ಮನೆ ಮುಂದೆ ಬೆಳಕಿಗೆ ಕೂರಿಸಿ ಮೊಬೈಲ್ ಹಿಡಿದೆ. ಕಣ್ಣು ಮಿಟುಕಿಸು ಅಂದರೆ ಅಮ್ಮ ನಗುತ್ತಾಳೆ. ನಗಬೇಡ ಅಂದರೆ ಇನ್ನೂ ಜಾಸ್ತಿ ನಗುತ್ತಾಳೆ. ಆದರೂ ಆಯಿತು.

ಅರ್ಜಿ ತಾಲೂಕು, ಜಿಲ್ಲೆ, ರಾಜ್ಯ ಅಂತ ಮೂರು ಮೆಟ್ಟಿಲು ಹತ್ತಿ, 2024ರ ಅಕ್ಟೋಬರ್ 5ಕ್ಕೆ ಬಿಡುಗಡೆಯಾದ ಹದಿನೆಂಟನೇ ಕಂತು ಅಮ್ಮನಿಗೆ ಬಂತು. ಅಪ್ಪ ಹೋದ ಮೇಲೆ ತಪ್ಪಿದ ಕಂತುಗಳ ಬಗ್ಗೆ ಕೇಳಿದೆ. ಹೊಸ ಅರ್ಜಿ ಅಂದರೆ ಹೊಸ ಲೆಕ್ಕ, ಹಿಂದಿನದು ಇಲ್ಲ ಅಂದರು.

ಈಗ ಅಮ್ಮ ನನಗಿಂತ ಹುಷಾರು. ಯಾರಾದರೂ ದುಡ್ಡು ಬಂದಿಲ್ಲ ಅಂದರೆ, "ಎನ್‌ಪಿಸಿ ನೋಡ್ಸಿದ್ಯಾ? ಪಹಣಿ ಯಾರ ಹೆಸ್ರಲ್ಲೈತೆ?" ಅಂತ ಮೊದಲು ಕೇಳುತ್ತಾಳೆ. ಈ ಪ್ರಶ್ನೆ ಕೇಳಿ ಕೇಳಿ ದೊಡ್ಡಪ್ಪನ ಮನೆಯವರನ್ನೂ ಎಬ್ಬಿಸಿದ್ದಾಳೆ. ಅವರ ಹೊಲ ಇನ್ನೂ ನಮ್ಮ ಅಜ್ಜನ ಹೆಸರಲ್ಲೇ ಇದೆ. ಇ-ಪೌತಿ ಆಂದೋಲನ ಅಂತ 2025ರಲ್ಲಿ ಶುರು ಮಾಡಿದರಲ್ಲ, ಅದರಲ್ಲಿ ಮಾಡಿಸೋಣ ಅಂತ ಹೊರಟಿದ್ದೇವೆ. ಅಜ್ಜನಿಗೆ ಇಬ್ಬರು ಹೆಂಡಿರು, ವಂಶವೃಕ್ಷ ಒಂದು ಹಾಳೆಗೆ ಸಾಲುತ್ತಿಲ್ಲ. ಬಳ್ಳಾರಿ ಕಡೆ ಇರುವ ಅತ್ತೆಯ ಮಕ್ಕಳ ಆಧಾರ್ ಪ್ರತಿ ಇನ್ನೂ ಬರಬೇಕು.